ಬ್ರೌಸರ್ ಹೊಸದಾಯಿತು, ಬ್ಲೌಸ್ ಕಾಣೆಯಾಯಿತು

ಗೆಳೆಯರೇ, ಇವತ್ತು ಸಿಂದಗಿಯ ನಮ್ಮ ಹೊಲಿಗೆ ಅಂಗಡಿಯ ಕಂಪ್ಯೂಟರಿಗೆ ಬ್ರೌಸರಿನ ಹೊಸ ಆವೃತ್ತಿ ಹಾಕಿದೆ. ಹೆಂಡತಿ ತೆರೆದಿಟ್ಟಿದ್ದ ಬ್ಲೌಸ್ ವಿನ್ಯಾಸಗಳ ಪುಟಗಳೆಲ್ಲ ಮಾಯ! ಎದುರಿಗೆ ವಿನ್ಯಾಸ ಆರಿಸಲು ತಾಂಬಾದಿಂದ ಬಂದ ಮದುಮಗಳು ಕೂತಿದ್ದಳು.

"ಯಾರನ್ನ ಕೇಳಿ ಹೊಸಾದು ಹಾಕಿದ್ರಿ?" ಎಂದಳು ಹೆಂಡತಿ.

"ಇನ್ನ ಮ್ಯಾಲ ಭಾಳ ಜೋರ್ ಓಡ್ತೈತಿ."

"ಎಲ್ಲಾ ಓಡೇ ಹೋಗ್ಯಾವಲ್ರಿ!"

ಮದುಮಗಳು ನಕ್ಕಳು. ನಾನು ಬೆವರುತ್ತ ಹುಡುಕಿದೆ. ಮೇಲಿದ್ದ ಪುಟಗಳ ಸಾಲು ಹೊಸ ಆವೃತ್ತಿಯಲ್ಲಿ ಎಡಬದಿಗೆ ಸರಿದು, ಒಂದು ಸಣ್ಣ ಗುರುತಿನ ಹಿಂದೆ ಅಡಗಿತ್ತು. ಅದನ್ನು ಒತ್ತಿದ್ದೇ ಪುಟಗಳೆಲ್ಲ ಮರಳಿ ಬಂದು, ನವಿಲಿನ ಕಸೂತಿಯ ಬ್ಲೌಸಿನ ಚಿತ್ರ ಕಾಣಿಸಿತು.

"ಇದೇ ಬೇಕ್ರಿ ಅಕ್ಕಾರ!" ಎಂದಳು ಮದುಮಗಳು.

"ಚಿತ್ರ ಮೊದಲಿಗಿಂತ ದೊಡ್ಡದ ಕಾಣ್ತೈತಲ್ರಿ," ಎಂದು ಹೆಂಡತಿ ನನಗೂ ಚಹಾ ತರಿಸಿದಳು.

ಹೊಸ ಆವೃತ್ತಿಯಿಂದ ಏನು ನಿರೀಕ್ಷಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲು ಬೈಗುಳ, ಆಮೇಲೆ ಚಹಾ.