ರೊಟ್ಟಿ ಅಂಗಡಿಯ ನುಮೇರಿಯಸ್

ಪುಟಿಯೋಲಿ ಬಂದರಿನ ಓಣಿಯಲ್ಲಿ ನಿಂತು ‘ನುಮೇರಿಯಸ್’ ಅಂತ ಕೂಗಿದರೆ ಐದು ತಲೆ ಒಟ್ಟಿಗೆ ತಿರುಗುತ್ತಿದ್ದವು. ಧಾನ್ಯದ ವ್ಯಾಪಾರಿ ಮುದುಕ ನುಮೇರಿಯಸ್ ವಾರಿಯಸ್ ಸಾಯುವ ಮುಂಚೆ ತನ್ನ ಮೂವರು ಜೀತದಾಳುಗಳನ್ನು ಒಂದೇ ದಿನ ಬಿಡುಗಡೆ ಮಾಡಿದ್ದ. ಬಿಡುಗಡೆಯಾದವನು ಯಜಮಾನನ ಹೆಸರು ಹೊತ್ತುಕೊಳ್ಳಬೇಕಲ್ಲ, ಮೂವರೂ ನುಮೇರಿಯಸ್ ವಾರಿಯಸ್ ಆದರು; ಜೀತದ ಹೆಸರು ಬಾಲದ ಹಾಗೆ ಕೊನೆಗೆ ಅಂಟಿಕೊಂಡಿತು. ಮೀನಿನ ಫಿಲೆರೋಸ್, ಕ್ಷೌರದ ಡಾಮಾ ಇಬ್ಬರೂ ತಮ್ಮ ಒಬ್ಬೊಬ್ಬ ಮಗನಿಗೂ ಅದೇ ಹೆಸರಿಟ್ಟರು. ಉಳಿದವನು ರೊಟ್ಟಿ ಸುಡುವ ಹೈಲಾಸ್.

ಈ ಹೈಲಾಸನಿಗೆ ಮಾತ್ರ ಆ ಹೆಸರಿನ ಹುಚ್ಚು. ಸುಡುವ ಒಂದೊಂದು ರೊಟ್ಟಿಯ ಮೇಲೂ ‘ನುಮೇರಿಯಸ್’ ಅಂತ ಮುದ್ರೆ ಒತ್ತುತ್ತಿದ್ದ. ಹುಚ್ಚು ಯಾಕಿರಬಾರದು ಹೇಳಿ? ಹೈಲಾಸ್ ಅನ್ನುವುದು ಮೂರು ವರ್ಷದ ಕೂಸಾಗಿದ್ದ ಅವನನ್ನು ಸಂತೆಯಲ್ಲಿ ನಿಲ್ಲಿಸಿ ಮಾರಿದವನು ಬಾಯಿಗೆ ಬಂದಂತೆ ಇಟ್ಟ ಹೆಸರು. ಹೆತ್ತವಳು ಏನಂತ ಕರೆಯುತ್ತಿದ್ದಳೋ, ಪಾಪ, ಅವನಿಗೆ ನೆನಪೇ ಇಲ್ಲ.

ನಲವತ್ಮೂರನೇ ವಯಸ್ಸಿನಲ್ಲಿ ಅವನಿಗೆ ಗಂಡುಮಗು ಹುಟ್ಟಿತು. ಗಂಡಿಗೆ ಹೆಸರಿಡುವುದು ಒಂಬತ್ತನೇ ದಿನ. ಎಂಟನೇ ದಿನ ಮನೆಯಲ್ಲಿ ಜಗಳ ಹತ್ತಿಕೊಂಡಿತು.

“ಇನ್ನೂ ಒಬ್ಬ ನುಮೇರಿಯಸ್ಸಾ?” ಹೆಂಡತಿ ಆಂಪ್ಲಿಯಾಟಾ ಮಲಗಿದ್ದಲ್ಲಿಂದಲೇ ಗದರಿದಳು. “ಊಟಕ್ಕೆ ಕರೆದ್ರೆ ಅರ್ಧ ಓಣಿ ತಟ್ಟೆ ಹಿಡ್ಕೊಂಡು ಬರುತ್ತೆ ಮಾರಾಯ! ಡೆಸಿಮಸ್ ಅಂತಿಡು.”

“ಆಗಲ್ಲ.”

“ಅದು ನಿನ್ನ ಯಜಮಾನಂದು. ಮುದುಕ ಸತ್ತು ನಾಲ್ಕು ವರ್ಷ ಆಯ್ತು. ಇನ್ನೂ ನಮ್ಮನೇಲಿ ಅವನದೇ ಕಾರುಬಾರಾ?”

ಹೈಲಾಸ್ ಹಿಟ್ಟಿನ ಕೈ ಒರೆಸಿಕೊಂಡ. “ನಂಗೆ ಅಂತ ಇರೋದು ಅದೊಂದೇ ಕಣೇ. ಅದನ್ನೂ ಕೊಡದೆ ಮಗನಿಗೆ ಇನ್ನೇನು ಕೊಡ್ಲಿ?”

ಅವತ್ತು ಅವನ ಗಮನವೆಲ್ಲ ಹೆಸರಿನ ಮೇಲೆಯೇ ಇತ್ತು. ಒಂದು ಒಲೆ ರೊಟ್ಟಿ ಕರಕಲಾದವು.

ಮರುದಿನ ಓಣಿಯೆಲ್ಲ ಬಂದು ಕೂತಿತ್ತು. ಜೇನಿನ ಕಜ್ಜಾಯ, ಹುರಿಗಡಲೆ, ನೀರು ಬೆರೆಸಿದ ದ್ರಾಕ್ಷಾರಸ. ಹೈಲಾಸ್ ಮಗುವನ್ನು ಎತ್ತಿಕೊಂಡ. ಆಂಪ್ಲಿಯಾಟಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ನಿನ್ನಿಷ್ಟ, ನಾನು ತಡೆಯಲ್ಲ. ಆದ್ರೆ ಒಂದೇ ಒಂದ್ಸಲ ಡೆಸಿಮಸ್ ಅಂತ ಹೇಳಿ ನೋಡು. ಕಚೇರೀಲಿ ಬರೆಸ್ತಾರಲ್ಲ, ಹಾಗೆ ಪೂರ್ತಿ ಹೇಳ್ಬೇಕು.”

ಹೇಳಿದರೆ ಗಂಟೇನು ಹೋಗುತ್ತೆ ಅಂದುಕೊಂಡ ಅವನು. ಕಚೇರಿಯಲ್ಲಿ ತನ್ನ ಹೆಸರನ್ನು ಅವನು ಎಷ್ಟು ಸಲ ಬರೆಸಿಲ್ಲ! ‘ನುಮೇರಿಯಸ್ ವಾರಿಯಸ್, ನುಮೇರಿಯಸನ ಬಿಡುಗಡೆಯ ಆಳು, ಹೈಲಾಸ್.’ ಯಾರು ಬಿಡುಗಡೆ ಮಾಡಿದರು ಅನ್ನುವುದು ಹೆಸರಿನ ನಡುವೆ ಬರಲೇಬೇಕು.

“ಡೆಸಿಮಸ್ ವಾರಿಯಸ್,” ಅಂದ ಜೋರಾಗಿ, “ನುಮೇರಿಯಸನ ಬಿಡುಗಡೆಯ ಆ...”

ನೆರೆದವರು ಘೊಳ್ಳೆಂದು ನಕ್ಕರು. “ಲೋ ಮಂಕೇ!” ಫಿಲೆರೋಸ್ ಕೂಗಿದ. “ಒಂಬತ್ತು ದಿನದ ಕೂಸು, ಯಾವ ಯಜಮಾನನ ಮನೇಲಿ ಜೀತಕ್ಕಿತ್ತೋ?”

ಹೈಲಾಸ್ ಮಗುವಿನ ಮುಖ ನೋಡಿದ. ಹೌದಲ್ಲ! ಈ ಮಗುವನ್ನು ಬಿಡುಗಡೆ ಮಾಡಿದವರು ಯಾರೂ ಇಲ್ಲ. ಮಾಡಬೇಕಾಗಿಯೇ ಇಲ್ಲ. ಆಳು ಅನ್ನುವ ಜಾಗದಲ್ಲಿ ಹೇಳಬೇಕಾದ ಮಾತು ಬೇರೆ.

“ಡೆಸಿಮಸ್ ವಾರಿಯಸ್,” ಅಂದ ಮತ್ತೆ, ಈ ಸಲ ಒಂದೊಂದೇ ಮಾತು ಬಿಡಿಸಿ. “ನುಮೇರಿಯಸನ ಮಗ.”

“ಯಾವ ನುಮೇರಿಯಸೋ?” ಡಾಮಾ ಕೆಣಕಿದ. “ಇಲ್ಲಿ ನಾವು ಐದು ಜನ ಇದ್ದೀವಪ್ಪ!”

“ನಾನು ಕಣ್ರೋ!” ಹೈಲಾಸ್ ಎದೆ ಬಡಿದುಕೊಂಡು ಕಿರುಚಿದ. “ಈ ನುಮೇರಿಯಸ್ ಮುದುಕ ಅಲ್ಲ, ನಾನು!”

ಮಗು ಬೆಚ್ಚಿ ಅಳತೊಡಗಿತು. ಅದಕ್ಕಿಂತ ಜೋರಾಗಿ ಅಪ್ಪ ಅಳುತ್ತಿದ್ದ.