ಬೋರಿನ ನೀರು, ಕೆರೆಯ ನೀರು

ಸಾಯುವ ಹಿಂದಿನ ದಿನ ಪುಟ್ಟಮಾದು ಟೊಮೆಟೊ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಂಡತಿಯ ಮೇಲೆ ರೇಗುತ್ತಿದ್ದ. ಹಂಗಳ ಊರಿನ ಅವರ ಹೊಲದಲ್ಲಿ ಹೊಸ ಬೋರು ಕೊರೆಸಿದ ಮೇಲೆ ಕೆಳಗಿನ ತಾಕಿನ ಗಿಡಗಳು ಬಾಡಿ ಸಾಯುತ್ತಿದ್ದವು.

“ಯಾರ್ದೋ ಕಣ್ಣು ಬಿದ್ದದ,” ಎಂದಳು ಹೆಂಡತಿ ಚಿಕ್ಕನಿಂಗಮ್ಮ.

“ಕಣ್ಣು ಬುಡಮ್ಮಿ. ಬೋರು ನೀರು ಉಪ್ಪುಪ್ಪಾಗದ. ಅದೇಯ ಕೊಲ್ತಿರೋದು.”

“ನೀ ಕಂಡಿದ್ದೀಯಾ?”

“ಅದ್ಕೇ ನೋಡನ ಅಂತಿರೋದು.”

ಎರಡು ಸಾಲು ಹೊಸ ಪೈರು ನೆಟ್ಟ. ಅದೇ ತಾಕು, ಅದೇ ಗೊಬ್ಬರ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಕೆರೆಯಿಂದ ಹೊತ್ತ ನೀರು.

“ನೀರೊಂದು ಬುಟ್ಟು ಬ್ಯಾರೆ ಯಾನೂ ಬದಲಾಯಿಸ್ಬ್ಯಾಡ. ಆಮೇಲೆ ಯಾವುದ್ರಿಂದ ಸತ್ತದ್ದು ಅಂತ ಗೊತ್ತಾಗಲ್ಲ. ನನ್ ಮಾತು ಸುಳ್ಳಾದ್ರೆ ಒಪ್ಕತೀನಿ ಕಣಮ್ಮಿ.”

ರಾತ್ರಿ ಮುದ್ದೆ ಉಂಡು, ಸಾರು ಸಪ್ಪೆ ಎಂದು ಗೊಣಗಿ ಮಲಗಿದ. ಮರುದಿನ ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಎತ್ತಿ ಕೂರಿಸುವಷ್ಟರಲ್ಲಿ ಜೀವ ಹೋಗಿತ್ತು.

ತಿಥಿಯಾಗುವವರೆಗೆ ಚಿಕ್ಕನಿಂಗಮ್ಮ ಹೊಲದ ಕಡೆ ಹೋಗುವಂತಿರಲಿಲ್ಲ. ಎರಡೂ ಸಾಲನ್ನು ಮೈದುನನ ಹೆಂಡತಿ ನಾಗಮಣಿಗೆ ಒಪ್ಪಿಸಿದ್ದಳು. ಕೊನೆಗೆ ಹೋಗಿ ನೋಡಿದರೆ ಬೋರಿನ ಪೈಪು ಎರಡೂ ಸಾಲಿನ ಮೇಲೆ ಬಿದ್ದಿತ್ತು.

“ಭಾವ ನೆಟ್ಟ ಗಿಡ, ಒಣಗ್ಬಾರ್ದು ಅಂತ ಎಲ್ಲಕ್ಕೂ ಬೋರು ನೀರೇ ಬುಟ್ಟೆ ಕಣಕ್ಕ,” ಎಂದಳು ನಾಗಮಣಿ.

“ಕೆಡಿಸ್ಬುಟ್ಟೆಲ್ಲಮ್ಮಿ.”

“ಮನ್ಸನೇ ಒಂಟೋದ ಮೇಲೆ ಇನ್ನೇನಕ್ಕ ಕೆಡೋದು?”

ಚಿಕ್ಕನಿಂಗಮ್ಮ ಸಾಲಿಗಿಳಿದಳು. ಅವನ್ನೆಲ್ಲ ಕಿತ್ತು ಅದೇ ತಾಕಿನಲ್ಲಿ ಮತ್ತೆ ಎರಡು ಸಾಲು ಪೈರು ನೆಟ್ಟಳು. ಒಂದಕ್ಕೆ ಬೋರಿನ ನೀರು ಬಿಟ್ಟು, ಇನ್ನೊಂದಕ್ಕೆ ಕೆರೆಯ ನೀರನ್ನು ತಾನೇ ಹೊತ್ತಳು. ಗಂಡನ ಮಾತು ನಿಜವಾಗಲಿ ಎಂದು ಮನಸ್ಸು ಬೇಡುತ್ತಿತ್ತು. ಆದರೂ ಎರಡಕ್ಕೂ ಹಾಕಿದ್ದು ಒಂದೇ ಅಳತೆ.

ಗಿಡ ಮೊಣಕಾಲುದ್ದ ಬಂದಾಗ ಬೋರಿನ ಸಾಲು ಬಾಡಿತು. ಗಂಡನ ಮಾತೇ ನಿಜವಾಯಿತೆಂದು ಅವಳಿಗೆ ಸಮಾಧಾನವಾಯಿತು. ವಾರ ಕಳೆಯುವುದರೊಳಗೆ ಕೆರೆಯ ಸಾಲೂ ಬಾಡಿತು.

“ಭಾವ ಯೋಳಿದ್ದೇ ನಿಜ ಅಂದ್ಬುಡಕ್ಕ. ಸತ್ತೋರ ಮಾತ್ನ ಯಾಕೆ ಸುಳ್ಳು ಮಾಡೀಯೆ?” ಎಂದಳು ನಾಗಮಣಿ.

“ಅವ್ನೇ ಇದ್ದಿದ್ರೆ ಒಪ್ಕತಿದ್ದ. ಕೊಂದದ್ದು ನೀರಲ್ಲ.”

“ಅಂಗಾರೆ ಯಾರ್ದೋ ಕಣ್ಣು ಬಿದ್ದದ ಅಂತಿದ್ದೆಲ್ಲ, ಅದೇ ನಿಜವಾ?”

“ಅದ್ನೂ ನೋಡಿಲ್ಲ ಕಣಮ್ಮಿ.”

ಸತ್ತ ಗಿಡ ಕಿತ್ತಳು. ಬೇರಿನ ತುಂಬ ಗಂಟು. ಎರಡೂ ಸಾಲಿನಲ್ಲಿ ಹಾಗೆಯೇ. ಮಣ್ಣಿನಲ್ಲೇ ಏನೋ ಇರಬೇಕು ಅನಿಸಿತು. ಅನಿಸಿದರೆ ಸಾಲದು.

ಜಗಲಿಯ ಮೇಲೆ ಎರಡು ಹಳೆಯ ಪೇಂಟು ಡಬ್ಬ ಇಟ್ಟಳು. ಒಂದರಲ್ಲಿ ಆ ತಾಕಿನ ಮಣ್ಣು, ಇನ್ನೊಂದರಲ್ಲಿ ಹಿತ್ತಲ ಮಣ್ಣು. ಎರಡರಲ್ಲೂ ಒಂದೊಂದು ಟೊಮೆಟೊ ಗಿಡ. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಎರಡಕ್ಕೂ ಒಂದೊಂದು ಚೊಂಬು ನೀರು ಹಾಕುತ್ತಾಳೆ, ಎಲೆ ಮುಟ್ಟಿ ನೋಡುತ್ತಾಳೆ.