ಸೊಸೆಯ ಜ್ವರಕ್ಕೆ ನನ್ನ ಕಂಬಳಿ

ಈ ಗುಂಪಿನಲ್ಲಿ ಬರೀ ಹೆಬ್ಬೆರಳಿನ ಗುರುತು ಒತ್ತಿ ಮುಂದೆ ಜಾರುವವರೇ, ಇವತ್ತಾದರೂ ಪೂರ್ತಿ ಓದಿ. ಸೊಸೆ ಗಿರಿಜಾಗೆ ಮೂರು ವಾರದಿಂದ ದಿನಾ ಸಂಜೆ ಜ್ವರ, ಕೀಲುನೋವು, ಮೈತುಂಬ ಕೆಂಪು ದದ್ದು. ಬೆಳಗ್ಗೆ ಊರಿನ ಡಾಕ್ಟರು ನೋಡುವ ಹೊತ್ತಿಗೆ ದದ್ದೇ ಮಾಯ. ಪಿತ್ತದ ಗಂಧೆ ಎಂದುಕೊಂಡು ನಾನು ದಿನಾ ಕಂಬಳಿಯಿಂದ ಉಜ್ಜಿದೆ.

ಇವತ್ತು ಹಾನಗಲ್ಲಿನ ಡಾಕ್ಟರಮ್ಮ ಕೇಳಿದರು, "ಜ್ವರದ ಜೋಡಿ ಮೈ ಕೆಂಪಾಗತೈತೇನ್ರಿ?"

"ಮೊದಲ ಗಂಧಿ ಇತ್ರಿ, ಈಗ ಕೆಂಪಾಗೋದು ನನ್ನ ಕಂಬಳಿ ಗುರುತ್ರಿ," ಎಂದೆ.

"ಹಂಗಾರ ಇವತ್ತ ಉಜ್ಜಬ್ಯಾಡ್ರಿ. ಸಂಜಿತನಾ ಇಲ್ಲೇ ಕುಂದರ್ರಿ."

ಸಂಜೆ ಜ್ವರ ಬಂತು. ಕಂಬಳಿ ಮುಟ್ಟದಿದ್ದರೂ ದದ್ದು ಎದ್ದಿತು. ಮೊದಲೇ ಮಾಡಿಸಿದ್ದ ರಕ್ತಪರೀಕ್ಷೆಯಲ್ಲಿ ಬೇರೆ ಜ್ವರ ಯಾವುದೂ ಇರಲಿಲ್ಲ, ಮೈಯೊಳಗಿನ ಉರಿಯೂತ ತೋರಿಸುವ ಫೆರಿಟಿನ್ ಅಂಶ ಮಾತ್ರ ವಿಪರೀತ ಏರಿತ್ತು.

"ಇದು ಸ್ಟಿಲ್ ಕಾಯಿಲೆ, ಅಪರೂಪದ ಸಂಧಿವಾತ. ಗುಳಿಗಿಗೆ ಬಗ್ಗತೈತಿ. ನಡುವ ನಿಲ್ಲಸಬ್ಯಾಡ್ರಿ," ಎಂದರು ಡಾಕ್ಟರಮ್ಮ.

ಊರಿಗೆ ಮರಳುವ ತಿಳವಳ್ಳಿ ಬಸ್ಸಿನಲ್ಲಿ ಗಿರಿಜಾ ನನ್ನ ಹೆಗಲಿಗೊರಗಿ, "ಅತ್ತಿ, ಕಂಬಳಿ ಭಾಳ ಚುಚ್ಚತಿತ್ರಿ," ಎಂದಳು.

"ಬಾಯಿ ಇರಲಿಲ್ಲೇನ ನಿನಗ?"

"ನೀವು ಉಜ್ಜಕೋತ ಅಳತಿದ್ರಿ. ಹೆಂಗ ಹೇಳ್ಲಿ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮತ್ತೆ ಮುಂದಿನ ತಿಂಗಳು ಕರೆದಿದ್ದಾರೆ. ಈ ಕಾಯಿಲೆಯಿಂದ ನೆಟ್ಟಗಾದವರು ಯಾರಿದ್ದರೂ ಅಷ್ಟರೊಳಗೆ ಉತ್ತರ ಬರೆಯಿರಿ. ಬರೀ ಹೆಬ್ಬೆರಳು ಒತ್ತಿದವರನ್ನು ಉಜ್ಜಲು ಕಂಬಳಿ ತರುತ್ತೇನೆ. ಈಗ ಅದಕ್ಕೆ ಮನೆಯಲ್ಲಿ ಬೇರೆ ಕೆಲಸವಿಲ್ಲ.